ನೆವ್‌ನ ಕೊನೆಯ ಸೀಸೆ

ಆನರ್ಸ್ ವರ್ಷ ಎನ್ನುವುದನ್ನು ಯಾರು ಕಂಡುಹಿಡಿದರೋ, ಅವರಿಗೆ ಸ್ವಂತ ಮಕ್ಕಳಿರಲಿಲ್ಲ ಎಂಬುದು ನನ್ನ ಅನುಮಾನ. ಮೂರು ವರ್ಷ ಪಾಠ ಕೇಳಿ ಡಿಗ್ರಿ ಮುಗಿಸಿದ ಹುಡುಗ ಹುಡುಗಿಯರನ್ನು ಫೆಬ್ರವರಿಯ ಉರಿಬಿಸಿಲಿನಲ್ಲಿ ಅಡಿಲೇಡಿನ ನಮ್ಮ ಲ್ಯಾಬಿಗೆ ತಂದು ಬಿಡುತ್ತಾರೆ. ಅಕ್ಟೋಬರ್ ಮುಗಿಯುವುದರೊಳಗೆ ಅವರು ಇದುವರೆಗೆ ಯಾರೂ ಮಾಡದ ಸಂಶೋಧನೆಯೊಂದನ್ನು ಮಾಡಿ, ಪ್ರಬಂಧ ಬರೆದು ಒಪ್ಪಿಸಬೇಕು. ಮೊದಲ ದರ್ಜೆ ಬಂದರೆ ಪಿಎಚ್‌ಡಿ, ವಿದ್ಯಾರ್ಥಿವೇತನ, ಮುಂದಿನ ಬದುಕು. ಬರದಿದ್ದರೆ ಬಾಗಿಲು ಮುಚ್ಚಿತು. ಅಲ್ಲಿಯತನಕ ಆ ಮಕ್ಕಳು ಸರಿಯಾಗಿ ಊಟ ಮಾಡುವುದಿಲ್ಲ, ಗೆಳೆಯರನ್ನು ಮಾತಾಡಿಸುವುದಿಲ್ಲ, ಅಮ್ಮ ಫೋನ್ ಮಾಡಿದರೆ ಸಿಡುಕುತ್ತಾರೆ.

ನಾನು ಆ ಲ್ಯಾಬಿನ ಮ್ಯಾನೇಜರ್, ಗ್ವೆನ್ ಟ್ರೆಲೋರ್. ಸಾಮಾನು ತರಿಸುವುದು, ಜಗಳ ಬಿಡಿಸುವುದು, ಫ್ರಿಜ್ಜಿನಲ್ಲಿ ಬೂಸ್ಟು ಹಿಡಿದದ್ದನ್ನು ಎತ್ತಿ ಎಸೆಯುವುದು ನನ್ನ ಕೆಲಸ. ನಮ್ಮ ಪ್ರೊಫೆಸರ್ ಡಂಕನ್ ಫೇರ್‌ಲಿಗೆ ನನ್ನ ಬಾಯಿ ಕಂಡರೆ ಆಗುವುದಿಲ್ಲ. ನನಗೆ ಅವನ ಟೈ ಕಂಡರೆ ಆಗುವುದಿಲ್ಲ. ಹೀಗೇ ಹೊಂದಿಕೊಂಡು ಬಹಳ ಕಾಲವಾಯಿತು.

ಆ ವರ್ಷ ಬಂದವಳು ಟೀಗನ್ ನೋಸ್ಕೆ. ದ್ರಾಕ್ಷಿ ಬೆಳೆಯುವ ಟನುಂಡಾದ ಹುಡುಗಿ. ಮಾತು ಕಡಿಮೆ, ಕೈ ಅಚ್ಚುಕಟ್ಟು. ಅವಳಿಗೆ ಡಂಕನ್ ಕೊಟ್ಟ ವಿಷಯ ಕಲ್ನಾರಿನ ಕ್ಯಾನ್ಸರಿನ ಮೇಲೆ ಒಂದು ಹೊಸ ಮದ್ದಿನ ಪರೀಕ್ಷೆ. ಕಲ್ನಾರಿನ, ಅಂದರೆ ಆಸ್ಬೆಸ್ಟಾಸಿನ, ಧೂಳು ಕುಡಿದವರಿಗೆ ಮೂವತ್ತು ನಲವತ್ತು ವರ್ಷ ಕಳೆದ ಮೇಲೆ ಶ್ವಾಸಕೋಶದ ಸುತ್ತಲಿನ ಪೊರೆಯಲ್ಲಿ ಬರುವ ಕಾಯಿಲೆ ಅದು. ಬಂದವರು ಉಳಿಯುವುದಿಲ್ಲ. ವೈಯಾಲಾದ ಹಡಗುಕಟ್ಟೆಯಲ್ಲಿ ಕೊಳವೆಗಳಿಗೆ ಕಲ್ನಾರು ಸುತ್ತುತ್ತಿದ್ದ ನೆವಿಲ್ ಕ್ರಾಡಾಕ್ ಎಂಬಾತ ಸಾಯುವ ಮುಂಚೆ, ತನ್ನ ಎದೆಯಿಂದ ತೆಗೆದ ನೀರನ್ನು ಸಂಶೋಧನೆಗೆ ತೆಗೆದುಕೊಳ್ಳಿ ಎಂದಿದ್ದ. ಆ ನೀರಿನಲ್ಲಿದ್ದ ಕ್ಯಾನ್ಸರ್ ಕೋಶಗಳನ್ನು ನಾವು ಅಂಗೈಯಗಲದ ಚಪ್ಪಟೆ ಪ್ಲಾಸ್ಟಿಕ್ ಸೀಸೆಗಳಲ್ಲಿ, ಗುಲಾಬಿ ಬಣ್ಣದ ಪೋಷಕ ದ್ರವ ಹಾಕಿ, ಮೈ ಬಿಸಿಯಷ್ಟೇ ಬೆಚ್ಚಗಿನ ಇನ್‌ಕ್ಯುಬೇಟರಿನಲ್ಲಿ ಬೆಳೆಸುತ್ತಿದ್ದೆವು. ದಾಖಲೆಯಲ್ಲಿ ಅವಕ್ಕೆ ಒಂದು ನಂಬರ್ ಇತ್ತು. ನಮ್ಮ ಬಾಯಲ್ಲಿ ಮಾತ್ರ ಅವು ನೆವ್. "ನೆವ್‌ಗೆ ಊಟ ಹಾಕಿದ್ರಾ?" "ನೆವ್ ಇವತ್ತು ಯಾಕೋ ಸಪ್ಪಗಿದಾನೆ ಕಣೇ." ನಾಲ್ಕು ವರ್ಷದಿಂದ ಮಣ್ಣಿನಲ್ಲಿರುವ ಮನುಷ್ಯನ ಬಗ್ಗೆ ನಾವು ಹೀಗೆ ಮಾತಾಡುತ್ತಿದ್ದೆವು. ಅದರಲ್ಲಿ ನಮಗೆ ವಿಚಿತ್ರವೇನೂ ಕಾಣುತ್ತಿರಲಿಲ್ಲ.

ಇನ್ನೊಂದು ರೂಢಿಯಿತ್ತು. ಪ್ರತಿ ವರ್ಷ ಸೆಪ್ಟೆಂಬರ್ ಕೊನೆಯಲ್ಲಿ, ಹೀಗೆ ದಾನ ಕೊಟ್ಟವರ ಮನೆಯವರನ್ನು ಕರೆದು ಟೀ ಕೊಡುವುದು. ಲ್ಯಾಮಿಂಗ್ಟನ್ ಕೇಕು, ಒಂದು ಭಾಷಣ, ಆಮೇಲೆ ಸೂಕ್ಷ್ಮದರ್ಶಕದಲ್ಲಿ ಒಂದು ನೋಟ. ನೆವ್‌ನ ಹೆಂಡತಿ ಮೊರೀನ್ ಒಂದು ವರ್ಷವೂ ತಪ್ಪಿಸಿಕೊಂಡವಳಲ್ಲ. ವೈಯಾಲಾದಿಂದ ಬೆಳಗಾಗುವ ಮುಂಚೆ ಬಸ್ಸು ಹತ್ತಿ ಬಂದು, ಕನ್ನಡಕ ತೆಗೆದಿಟ್ಟು, ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚಿ ಕೂತರೆ ಹಿಂದಿನವರು ಕೆಮ್ಮಿದರೂ ಏಳುತ್ತಿರಲಿಲ್ಲ.

ಟೀಗನ್ ಬಂದ ಮೊದಲ ವಾರ ನಾನು ರಜೆಯಲ್ಲಿದ್ದೆ. ಕೋಶಗಳಿಗೆ ಆಹಾರ ಬದಲಿಸುವುದನ್ನು ಅವಳಿಗೆ ನಾನು ಬಂದು ಕಲಿಸಬೇಕಿತ್ತು. ಅಷ್ಟರೊಳಗೆ ಡಂಕನ್‌ಗೆ ಹುಮ್ಮಸ್ಸು ಬಂತು. ಧೂಳು ತಾಗದಂತೆ ಕೋಶಗಳ ಸೀಸೆ ತೆರೆಯುವ ಗಾಜಿನ ಹುಡ್‌ನ ಮುಂದೆ ಕೂತು ವರ್ಷಗಳಾಗಿದ್ದ ಮಹಾನುಭಾವ, ತೋಳು ಮಡಚಿ, "ನೋಡು, ಕೈಗೆ ಕಲಿಸಿದ್ದು ಕೈ ಮರೆಯೋದಿಲ್ಲ" ಎಂದು ತೋರಿಸಲು ನಿಂತ. ಮೊದಲು ಅಭ್ಯಾಸಕ್ಕೆಂದು ಹೀಲಾ ಕೋಶಗಳ ಸೀಸೆ ತೆಗೆದ. ಹೀಲಾ ಇಲ್ಲದ ಲ್ಯಾಬು ಲೋಕದಲ್ಲಿ ಸಿಗುವುದು ಕಷ್ಟ. ಎಪ್ಪತ್ತು ವರ್ಷಕ್ಕೂ ಹಿಂದೆ ಗರ್ಭಕೊರಳಿನ ಕ್ಯಾನ್ಸರಿನಿಂದ ಸತ್ತ ಒಬ್ಬ ಹೆಣ್ಣುಮಗಳ ಗೆಡ್ಡೆಯಿಂದ ಬಂದ ಕೋಶ ಅದು. ಆಕೆಯನ್ನು ಯಾರೂ ಒಂದು ಮಾತು ಕೇಳಿರಲಿಲ್ಲ. ಸಾಯುವುದು ಆ ಕೋಶಗಳಿಗೆ ಗೊತ್ತಿಲ್ಲ. ಒಂದು ಹನಿ ಪಕ್ಕದ ಸೀಸೆಗೆ ಬಿದ್ದರೆ ಸಾಕು, ಕೆಲವು ವಾರಗಳಲ್ಲಿ ಅಲ್ಲಿದ್ದವರನ್ನು ಹೊರಗೆ ದಬ್ಬಿ ಮನೆ ತಮ್ಮದೇ ಮಾಡಿಕೊಳ್ಳುತ್ತವೆ. ಅದಕ್ಕೇ ನಮ್ಮಲ್ಲಿ ಒಂದೊಂದು ಕೋಶಕ್ಕೂ ಬೇರೆ ಬೇರೆ ದ್ರವದ ಬಾಟಲಿ, ಬಾಟಲಿಗೆ ಬೇರೆ ಬೇರೆ ಬಣ್ಣದ ಪಟ್ಟಿ. ನಾನಿದ್ದರೆ ಎಂಜಲು ಮುಸುರೆ ನೋಡುವ ಅತ್ತೆಯ ಹಾಗೆ ಕಾಯುತ್ತಿದ್ದೆ. ಡಂಕನ್ ಹೀಲಾಕ್ಕೆ ಹಾಕಿದ ಬಾಟಲಿಯಿಂದಲೇ ನೆವ್‌ಗೂ ಹಾಕಿದ. ಟೀಗನ್ ಅದನ್ನು ಕಂಡಳು. ಪ್ರೊಫೆಸರಿಗೆ ಗೊತ್ತಿಲ್ಲದ್ದು ಏನಿರುತ್ತದೆ ಎಂದುಕೊಂಡು ಸುಮ್ಮನಾದಳು.

ಆಮೇಲೆ ಅವಳ ಕೆಲಸ ಓಡಿದ್ದೇ ಓಡಿದ್ದು. ಮೊದಲು ಸೀಸೆ ತುಂಬಲು ಎರಡು ವಾರ ತೆಗೆದುಕೊಳ್ಳುತ್ತಿದ್ದ ನೆವ್, ಜೂನಿನ ಚಳಿಯ ಹೊತ್ತಿಗೆ ಮೂರೇ ದಿನಕ್ಕೆ ತುಂಬಿ ತುಳುಕುತ್ತಿದ್ದ. ಅವಳು ಹಾಕಿದ ಹೊಸ ಮದ್ದಿಗೆ ಸೊಗಸಾಗಿ ಸಾಯುತ್ತಿದ್ದ. ನಕ್ಷೆಗಳು ನೋಡಲು ಚೆಂದವಿದ್ದವು.

"ಡಂಕನ್, ಈ ಸ್ಪೀಡು ನೆವ್‌ದಲ್ಲ" ಎಂದೆ ನಾನು. "ಗುರುತು ಪರೀಕ್ಷೆಗೆ ಕಳಿಸು."

"ಹುಡುಗಿ ಕೈಗುಣ ಚೆನ್ನಾಗಿದೆ, ನಿನಗೆ ಹೊಟ್ಟೆಯುರಿ" ಎಂದು ನಕ್ಕ.

ನಾನು ಬಿಡಲಿಲ್ಲ. ದಿನಾ ತಲೆ ತಿಂದೆ. ಆಗಸ್ಟ್ ಕೊನೆಯಲ್ಲಿ, ನನ್ನ ಕಾಟ ತಾಳಲಾರದೆ, ಕೋಶಗಳ ಡಿಎನ್‌ಎ ಪರೀಕ್ಷೆಗೆ ಕಳಿಸಿದ. ಬಂದ ಉತ್ತರ ಒಂದೇ ಸಾಲು. ಇದು ಹೀಲಾ. ಬೇರೆ ಏನೂ ಇಲ್ಲ.

ಟೀಗನ್‌ಳನ್ನು ಹುಡುಕಿ ಹೋದರೆ ಶೀತಲ ಕೋಣೆಯಲ್ಲಿ, ಪೆಟ್ಟಿಗೆಯೊಂದರ ಮೇಲೆ ಕೂತು ನಡುಗುತ್ತಿದ್ದಳು. ಹೊರಗೆ ಎಳೆದು ತಂದೆ. ಆಗಲೇ ಬಾಟಲಿಯ ಕಥೆ ನನಗೆ ಗೊತ್ತಾದದ್ದು.

"ನಾನು ಕೇಳ್ಬೇಕಿತ್ತು ಗ್ವೆನ್. ಕಣ್ಣಾರೆ ನೋಡಿದೆ."

"ನೋಡಿದ ತಪ್ಪು ನಿಂದು, ಮಾಡಿದ ತಪ್ಪು ಅವನ್ದು. ತೂಕ ಹಾಕು, ಯಾವ್ದು ಜಾಸ್ತಿ ಅಂತ."

"ಹಳೇ ಸ್ಟಾಕ್ ಮುಗಿದಿತ್ತು, ಈಗ ಫ್ರೀಜ್ ಮಾಡಿಟ್ಟಿರೋದೆಲ್ಲ ನಾನೇ ಮಾಡಿದ್ದು. ಎಲ್ಲ ಅದೇ ಆಗಿರತ್ತೆ. ನೆವ್ ಇಲ್ವೇ ಇಲ್ಲ ಈಗ."

ನಾವಿಬ್ಬರೂ ಡಂಕನ್‌ನ ಕೋಣೆಗೆ ಹೋದೆವು. ಅವನು ಬಾಟಲಿಯ ಮಾತಿಗೆ "ಯಾವ ಬಾಟ್ಲಿ?" ಎಂದ. ನಿಜಕ್ಕೂ ಅವನಿಗೆ ನೆನಪಿರಲಿಲ್ಲ, ಅದೇ ನನಗೆ ಹೆಚ್ಚು ಸಿಟ್ಟು ತರಿಸಿದ್ದು. ಆಮೇಲೆ ದನಿ ತಗ್ಗಿಸಿ, ತಂದೆಯ ಹಾಗೆ ಮಾತಾಡಿದ.

"ನೋಡು ಟೀಗನ್, ಇದು ಆನರ್ಸ್ ಪ್ರಬಂಧ, ಪತ್ರಿಕೆಗೆ ಕಳ್ಸೋ ಲೇಖನ ಅಲ್ಲ. ಓದೋರು ಇಬ್ರು. ನಿನ್ನ ಪ್ರಯೋಗ ಎಲ್ಲ ಮುಗಿದಿದ್ದು ಜುಲೈಲಿ, ಪರೀಕ್ಷೆ ಆಗಿದ್ದು ಈಗ. ಪರೀಕ್ಷೆ ವಿಷಯ ಬರೀಬೇಕು ಅಂತ ಎಲ್ಲೂ ಇಲ್ಲ. ಫಸ್ಟ್ ಕ್ಲಾಸ್ ತಗೋ, ಪಿಎಚ್‌ಡೀಲಿ ಎಲ್ಲಾ ಸರಿ ಮಾಡೋಣ."

"ಸುಳ್ಳು ಬರಿ ಅಂತಿದೀರಾ?"

"ಸುಮ್ನಿರು ಅಂತಿದೀನಿ."

ಹುಡುಗಿ ಬಾಗಿಲು ತೆಗೆದು ಹೊರಗೆ ನಡೆದಳು. ಸುಮ್ಮನಿರುವುದು ಅವಳಿಗೆ ಅಭ್ಯಾಸವೇ ಇತ್ತು, ಒಪ್ಪಿಕೊಂಡಳು ಎಂದು ಡಂಕನ್ ಅಂದುಕೊಂಡ. ನಾನೂ ಒಂದು ಕ್ಷಣ ಹಾಗೇ ಅಂದುಕೊಂಡೆ.

ಅವಳು ನೇರ ಹೋದದ್ದು ದ್ರವ ಸಾರಜನಕದ ಟ್ಯಾಂಕಿನ ಹತ್ತಿರ. ಕೋಶಗಳನ್ನು ಹೆಪ್ಪುಗಟ್ಟಿಸಿ ವರ್ಷಗಟ್ಟಲೆ ಇಡುವ ಜಾಗ ಅದು. ಮೂರು ದಿನ ಹಳೆಯ ಪೆಟ್ಟಿಗೆಗಳನ್ನೆಲ್ಲ ಎತ್ತಿ ಇಳಿಸಿದಳು. ಕೈಗವಸಿನೊಳಗೆ ಬೆರಳ ತುದಿ ಬೆಳ್ಳಗಾಗಿ ಸುಟ್ಟಂತಾಯಿತು. ಕೊನೆಗೆ ತಳದಲ್ಲಿ, ಹಿಂದೆ ಇದ್ದ ವಿದ್ಯಾರ್ಥಿಯೊಬ್ಬ ಇಟ್ಟು ಮರೆತಿದ್ದ ಒಂದು ಪುಟ್ಟ ಕೊಳವೆ ಸಿಕ್ಕಿತು. ನೆವ್‌ನ ಎದೆಯಿಂದ ಬಂದ ಹೊಸತರಲ್ಲಿ ಹೆಪ್ಪುಗಟ್ಟಿಸಿದ್ದು, ಹೀಲಾದ ಸೋಂಕು ತಗಲುವ ಬಹಳ ಮುಂಚಿನದು. ಲೋಕದಲ್ಲಿ ನೆವ್ ಎನ್ನುವುದು ಇನ್ನೂ ಉಳಿದಿದ್ದರೆ ಅದರೊಳಗೆ ಮಾತ್ರ. ಅವಳ ವರ್ಷ ಉಳಿಯುವುದಿದ್ದರೂ ಅದರಿಂದ ಮಾತ್ರ.

ಬೆಚ್ಚಗಿನ ನೀರಿನಲ್ಲಿ ಕರಗಿಸಿ ಹೊಸ ಸೀಸೆಗೆ ಹಾಕಿದಳು. ಮರುದಿನ ನೋಡಿದರೆ ಬಹುಪಾಲು ಸತ್ತು ತೇಲುತ್ತಿದ್ದವು. ತಳಕ್ಕೆ ಕಚ್ಚಿಕೊಂಡಿದ್ದವು ಬೆರಳೆಣಿಕೆಯಷ್ಟು. ಉದ್ದುದ್ದ, ತೆಳ್ಳಗೆ, ಒಂದಕ್ಕೊಂದು ಸಂಬಂಧವಿಲ್ಲದಂತೆ ದೂರ ದೂರ ಬಿದ್ದಿದ್ದವು. ಆದರೆ ಬದುಕಿದ್ದವು.

"ಇದು ನೆವ್" ಎಂದೆ. ಆ ಸೋಮಾರಿ ಆಕಾರ ನನಗೆ ಚೆನ್ನಾಗಿ ಗೊತ್ತು.

ಎರಡು ವಾರದಲ್ಲಿ ಅಲ್ಲಲ್ಲಿ ಸಣ್ಣ ಗುಂಪುಗಳಾದವು. ಡಂಕನ್ ಬಂದು ನೋಡಿ ಕುಣಿದ. "ಒಂದು ಚಿಕ್ಕ ಪ್ರಯೋಗಕ್ಕೆ ಸಾಕಲ್ಲ! ಎಲ್ಲಾನೂ ತಳದಿಂದ ಎಬ್ಬಿಸಿ ಇವತ್ತೇ ಮದ್ದು ಹಾಕು. ಒಂದೇ ಒಂದು ನಕ್ಷೆ ಸಿಕ್ಕಿದ್ರೂ ಪ್ರಬಂಧ ಬಚಾವ್."

"ಮದ್ದು ಹಾಕಿದ್ರೆ ಸಾಯ್ತಾವೆ" ಎಂದಳು ಟೀಗನ್.

"ಸಾಯ್ಲಿ ಅಂತಾನೇ ಹಾಕೋದು."

"ಒಂದ್ಸಲ ಸೀಸೆ ತುಂಬ್ಲಿ. ಅರ್ಧ ಫ್ರೀಜ್ ಮಾಡಿಟ್ಟು ಇನ್ನರ್ಧಕ್ಕೆ ಹಾಕ್ತೀನಿ. ಇಲ್ದಿದ್ರೆ ನೆವ್ ಪೂರ್ತಿ ಹೋಗ್ಬಿಡ್ತಾನೆ."

"ಅವ್ನು ಹೋಗಿ ನಾಲ್ಕು ವರ್ಷ ಆಯ್ತು! ನಿನ್ನ ಪ್ರಬಂಧ ಕೊಡೋಕೆ ಉಳಿದಿರೋದು ಒಂದು ತಿಂಗ್ಳು ಚಿಲ್ಲರೆ!"

ಅವನ ಲೆಕ್ಕ ತಪ್ಪಿರಲಿಲ್ಲ, ಅದನ್ನು ಹೇಳಲೇಬೇಕು. ಆದರೂ ಅವಳು ಅಲ್ಲಾಡಲಿಲ್ಲ. ದಿನಕ್ಕೆ ಎರಡು ಸಲ ಸೀಸೆಯನ್ನು ಸೂಕ್ಷ್ಮದರ್ಶಕಕ್ಕೆ ಇಟ್ಟು ನೋಡುವುದು, ಒಳಗಿಡುವುದು, ಹೋಗಿ ಬರೆಯುವುದು. ಕಣ್ಣ ಕೆಳಗೆ ಕಪ್ಪಾಯಿತು.

ಅಷ್ಟರಲ್ಲಿ ಟೀ ದಿನ ಬಂತು. ಬೆಳಿಗ್ಗೆ ಡಂಕನ್ ನಮ್ಮಿಬ್ಬರನ್ನೂ ಮೂಲೆಗೆ ಕರೆದ. "ಮಿಸೆಸ್ ಕ್ರಾಡಾಕ್‌ಗೆ ಆ ಚೆನ್ನಾಗಿ ತುಂಬಿರೋ ಸೀಸೆ ತೋರ್ಸಿ. ಆ ವಯಸ್ಸಾದ ಹೆಂಗಸಿಗೆ ಹೀಲಾ ಯಾವ್ದು, ನೆವ್ ಯಾವ್ದು? ಸಂತೋಷ ಪಟ್ಕೊಂಡು ಹೋಗ್ಲಿ."

ಅವನು ಹೇಳಿದ್ದರಲ್ಲಿ ಕ್ರೌರ್ಯವಿರಲಿಲ್ಲ. ಅದಕ್ಕೇ ನನಗೂ ಬಾಯಿಗೆ ಬಂದ ಬೈಗುಳ ಬಾಯಲ್ಲೇ ಉಳಿಯಿತು.

ಮೊರೀನ್ ಬಂದಳು. ಹೊಸದಾಗಿ ಮಾಡಿಸಿದ ಕೂದಲು, ಕೈಯಲ್ಲಿ ತಾನೇ ಮಾಡಿದ ಸ್ಕೋನ್ ಬನ್ನುಗಳ ಡಬ್ಬಿ. "ಎಲ್ಲಿ ನಮ್ಮೋನು?" ಎನ್ನುತ್ತ ನೇರ ಸೂಕ್ಷ್ಮದರ್ಶಕದ ಹತ್ತಿರವೇ ನಡೆದಳು. ಮೇಜಿನ ಮೇಲೆ ಟೀಗನ್ ಇಟ್ಟಿದ್ದದ್ದು ಆ ಒಂದು ಸೀಸೆ. ಕೊನೆಯದು.

ಮೊರೀನ್ ಬಹಳ ಹೊತ್ತು ನೋಡಿದಳು. "ಇದೇನು ಕಂದಾ, ಹೋದ ವರ್ಷ ಫೈನಲ್ ಮ್ಯಾಚ್ ಥರ ತುಂಬ್ಕೊಂಡಿದ್ರು. ಈಗ ಇಷ್ಟೇನಾ?"

"ಇಷ್ಟೇ" ಎಂದಳು ಟೀಗನ್. ಆಮೇಲೆ ನಿಂತಲ್ಲೇ ಎಲ್ಲವನ್ನೂ ಹೇಳಿದಳು. ಬಾಟಲಿಯ ವಿಷಯ, ಬೇರೆ ಕೋಶ ಬಂದು ಸೇರಿದ ವಿಷಯ, ಈ ವರ್ಷವಿಡೀ ನೆವ್ ಎಂದುಕೊಂಡು ಬೆಳೆಸಿದ್ದು ನೆವ್ ಅಲ್ಲ ಎನ್ನುವ ವಿಷಯ. ಬಾಟಲಿ ಯಾರ ಕೈಯಲ್ಲಿತ್ತು ಎನ್ನುವುದನ್ನು ಮಾತ್ರ ಹೇಳಲಿಲ್ಲ. ಡಂಕನ್ ಕೈಯಲ್ಲಿ ಲ್ಯಾಮಿಂಗ್ಟನ್ ಹಿಡಿದು ಅಲ್ಲೇ ನಿಂತಿದ್ದ. ತಿನ್ನಲೂ ಇಲ್ಲ, ಕೆಳಗಿಡಲೂ ಇಲ್ಲ.

"ಬೇರೆ ಕೋಶ ಅಂದ್ರೆ ಯಾರ್ದು?"

"ಒಬ್ಬ ಹೆಂಗಸಿಂದು. ಸತ್ತು ತುಂಬ ವರ್ಷ ಆಯ್ತು."

ಮೊರೀನ್ ಹೊಟ್ಟೆ ಹಿಡಿದುಕೊಂಡು ನಗಲು ಶುರುಮಾಡಿದಳು. "ಅಂದ್ರೆ ಈ ವರ್ಷ ಪೂರ್ತಿ ಯಾವಳ ಜೊತೆಯಲ್ಲೋ ಮಲಗಿದ್ನಾ ಇವ್ನು! ಬದುಕಿದ್ದಾಗ ಪಬ್ಬಿಂದ ನೇರ ಮನೇಗ್ ಬರ್ತಿದ್ದ ಮಹಾರಾಯ. ಸತ್ತ ಮೇಲೆ ನೋಡಿ ಇವನ ಆಟಾನ!" ಅಕ್ಕಪಕ್ಕದವರೂ ನಕ್ಕರು. ಆಕೆಯ ಕೆನ್ನೆಯ ಮೇಲೆ ನೀರಿಳಿಯುತ್ತಿತ್ತು, ಅದು ನಗುವಿನದಾಗಿರಲಿಲ್ಲ.

"ನನ್ನನ್ನ ಕ್ಷಮಿಸಿ" ಎಂದಳು ಟೀಗನ್.

"ಏನ್ ಕ್ಷಮಿಸೋದು? ಉಳಿದಿರೋರ್ನ ಚೆನ್ನಾಗಿ ನೋಡ್ಕೋ" ಎಂದು ಮೊರೀನ್ ಮತ್ತೆ ಕಣ್ಣು ಹಚ್ಚಿ ಕೂತಳು.

ಪ್ರಬಂಧದ ಗತಿ ಏನಾಯಿತು ಎಂದು ಮುಂಚೆಯೇ ಹೇಳಿ ಮುಗಿಸಿಬಿಡುತ್ತೇನೆ, ಅದನ್ನು ಎಳೆದಾಡುವ ಮನಸ್ಸಿಲ್ಲ. ಟೀಗನ್ ಇದ್ದದ್ದನ್ನು ಇದ್ದಂತೆ ಬರೆದಳು. ಈ ಫಲಿತಾಂಶಗಳು ಯಾವುವೂ ಕಲ್ನಾರಿನ ಕ್ಯಾನ್ಸರಿಗೆ ಅನ್ವಯಿಸುವುದಿಲ್ಲ ಎಂದು ಮೊದಲ ಪುಟದಲ್ಲೇ ಹಾಕಿದಳು. ಮೌಖಿಕ ಪರೀಕ್ಷೆಯಲ್ಲಿ ಒಬ್ಬ, "ಹಾಗಾದ್ರೆ ನೀನು ಕಂಡುಹಿಡಿದಿದ್ದೇನು?" ಎಂದು ಕೇಳಿದನಂತೆ. ಇವಳು "ಏನೂ ಇಲ್ಲ" ಎಂದಳಂತೆ. ಎರಡನೆಯ ದರ್ಜೆ ಬಂತು. ಪ್ರಾಮಾಣಿಕತೆಗೆ ಇಬ್ಬರೂ ಪರೀಕ್ಷಕರು ಮೆಚ್ಚುಗೆ ಸೂಚಿಸಿದ್ದರು, ಅದಕ್ಕೆ ಅಂಕವಿರಲಿಲ್ಲ. ಡಂಕನ್ ಹೊಸ ವಿದ್ಯಾರ್ಥಿಯನ್ನು ತೆಗೆದುಕೊಂಡ. ಟೀಗನ್ ಈಗ ಒಂದು ರಕ್ತಪರೀಕ್ಷೆಯ ಕೇಂದ್ರದಲ್ಲಿ ಕೊಳವೆಗಳಿಗೆ ಚೀಟಿ ಅಂಟಿಸುತ್ತಾಳೆ. ಇದರಲ್ಲಿ ನ್ಯಾಯ ಎಲ್ಲಿದೆ ಎಂದು ನನ್ನನ್ನು ಕೇಳಬೇಡಿ.

ನಾನು ಹೇಳಬೇಕಾದದ್ದು ಟೀ ದಿನದ ನಂತರದ ವಾರದ್ದು. ಅಕ್ಟೋಬರ್ ಮೊದಲ ಸೋಮವಾರ ಕಾರ್ಮಿಕರ ರಜೆ, ಮೂರು ದಿನ ಎಲ್ಲ ಬಂದ್. ಶುಕ್ರವಾರ ನೋಡಿದಾಗ ನೆವ್‌ನ ಗುಂಪುಗಳು ಒಂದರ ಅಂಚು ಒಂದಕ್ಕೆ ತಾಗುವಷ್ಟು ಬೆಳೆದಿದ್ದವು. ಇನ್ನು ಕೆಲವೇ ದಿನ, ಅರ್ಧ ತೆಗೆದಿಡಬಹುದು ಎಂದು ಟೀಗನ್ ಲೆಕ್ಕ ಹಾಕಿದಳು. ಅವಳ ಮುಖ ಸುಣ್ಣದಂತಾಗಿತ್ತು.

"ಮನೇಗ್ ಹೋಗಿ ನಿದ್ದೆ ಮಾಡು" ಎಂದು ನಾನೇ ಗದರಿದೆ. "ಊಟ ಹಾಕಿದೀಯ, ಬೆಚ್ಚಗಿದಾನೆ. ನೀನು ಇಲ್ಲಿ ಕೂತ್ರೆ ಜಾಸ್ತಿ ಬೆಳೀತಾನಾ?"

ಮಂಗಳವಾರ ಬೆಳಿಗ್ಗೆ ಅವಳೂ ನಾನೂ ಒಟ್ಟಿಗೇ ಬಾಗಿಲು ತೆಗೆದೆವು. ಇನ್‌ಕ್ಯುಬೇಟರ್ ಸರಿಯಾಗಿಯೇ ಇತ್ತು, ಅನಿಲದ ಸಿಲಿಂಡರೂ ತುಂಬಿತ್ತು. ದ್ರವ ತಿಳಿಯಾಗಿತ್ತು, ಬೂಸ್ಟಿಲ್ಲ, ಸೋಂಕಿಲ್ಲ. ಸೂಕ್ಷ್ಮದರ್ಶಕದಲ್ಲಿ ತಳ ಖಾಲಿ. ಎಲ್ಲ ಕೋಶಗಳೂ ಉಂಡೆಯಾಗಿ ತಳ ಬಿಟ್ಟು ತೇಲುತ್ತಿದ್ದವು. ಮನುಷ್ಯರ ಕೋಶಗಳು ಒಮ್ಮೊಮ್ಮೆ ಹೀಗೆ ಮಾಡುತ್ತವೆ. ಕಾರಣವಿಲ್ಲದೆ, ಇನ್ನು ಸಾಕು ಎನ್ನುವಂತೆ, ಎಲ್ಲ ಒಟ್ಟಿಗೆ. ಯಾರ ಮೇಲಾದರೂ ತಪ್ಪು ಹೊರಿಸಬಹುದಾಗಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಸಿಕ್ಕಿದ್ದು ನನ್ನ ಗದರಿಕೆಯೊಂದೇ.

ಟೀಗನ್ ಅಳಲಿಲ್ಲ. ಗೋಡೆಯ ಫೋನಿನ ಹತ್ತಿರ ಹೋಗಿ ವೈಯಾಲಾಕ್ಕೆ ಫೋನ್ ಮಾಡಿದಳು. ಬೇಡ, ಯಾರೂ ಕೇಳಿಲ್ಲ, ಮುಂದಿನ ವರ್ಷ ನೋಡಿಕೊಂಡರಾಯಿತು ಎಂದು ನಾನು ಸನ್ನೆ ಮಾಡುತ್ತಲೇ ಇದ್ದೆ. ಮೊರೀನ್‌ಗೆ ಕಿವಿ ಮಂದ, ದನಿ ದೊಡ್ಡದು. ಆಚೆಯ ಮಾತು ನನಗೂ ಕೇಳುತ್ತಿತ್ತು.

"ಮೊರೀನ್, ನಾನು ಟೀಗನ್. ನೆವ್ ಹೋಗ್ಬಿಟ್ರು. ಆ ಸೀಸೇಲಿದ್ದಿದ್ದು ಎಲ್ಲಾ ಸತ್ತೋಯ್ತು. ಇನ್ನೆಲ್ಲೂ ಇಲ್ಲ."

ಆಚೆ ಟಿವಿಯ ಸದ್ದು ಕೇಳುತ್ತಿತ್ತು. ಯಾರೋ ಅದನ್ನು ಆರಿಸಿದರು.

"ಯಾವಾಗ ಕಂದಾ?"

"ಗೊತ್ತಿಲ್ಲ. ರಜೇಲಿ."

"ಆಗ ಪಕ್ಕದಲ್ಲಿ ಯಾರಾದ್ರೂ ಇದ್ರಾ?"

ಟೀಗನ್ ನನ್ನ ಕಡೆ ನೋಡಿದಳು. ನಿಯಮ ನಿಯಮ ಎಂದು ಬಾಯಿ ಬಡಿದುಕೊಳ್ಳುವ ನಾನು ಜೋರಾಗಿ ತಲೆಯಾಡಿಸಿದೆ. ಹೂಂ ಅನ್ನು. ಇಷ್ಟೆಲ್ಲ ಕಳೆದುಕೊಂಡಿದ್ದೀಯ, ಆ ಮುದುಕಿಗೊಂದು ಹೂಂ ಅಂದುಬಿಡು.

"ಇಲ್ಲ ಮೊರೀನ್. ಯಾರೂ ಇರ್ಲಿಲ್ಲ. ನಾನು ಮನೇಗೆ ಹೋಗಿ ಮಲಗಿದ್ದೆ."

ಆಚೆ ಕುರ್ಚಿ ಎಳೆದ ಸದ್ದು ಕೇಳಿತು.

"ನಾನೂ ಹಾಗೇ ಮನೇಗೆ ಬಂದು ಮಲಗಿದ್ದೆ ಕಂದಾ, ಅವತ್ತು" ಎಂದಳು ಮೊರೀನ್. "ಬಟ್ಟೆ ಕೂಡ ಬಿಚ್ಚಿರ್ಲಿಲ್ಲ. ಆಸ್ಪತ್ರೆಯೋರು ಫೋನ್ ಮಾಡಿ, ನರ್ಸ್ ಕೈ ಹಿಡ್ಕೊಂಡಿದ್ರು, ನಿದ್ದೇಲೇ ಹೋದ್ರು ಅಂದ್ರು. ನಾಲ್ಕು ವರ್ಷ ಆಯ್ತು, ಅದು ನಿಜಾನಾ, ನನ್ನ ಸಮಾಧಾನಕ್ಕೆ ಹೇಳಿದ್ರಾ, ಇನ್ನೂ ಗೊತ್ತಿಲ್ಲ. ನೀನು ಹೇಳಿದ್ದು ಮಾತ್ರ ನಿಜ ಅಂತ ಗೊತ್ತು."

ಆಚೆ ಮೊರೀನ್ ಮೂಗು ಸೀಟಿಕೊಂಡಳು.

"ಸರಿ ಬಿಡು. ತಿಂಡಿ ತಿಂದ್ಯಾ?"

"ಇಲ್ಲ."

"ತಿನ್ನು ಹೋಗು" ಎಂದು ಫೋನ್ ಇಟ್ಟಳು.

ಸತ್ತ ಕೋಶಗಳನ್ನೂ ಹಾಗೇ ಎಸೆಯುವಂತಿಲ್ಲ, ಬ್ಲೀಚ್ ಹಾಕಬೇಕು. ಟೀಗನ್ ಸೀಸೆಯ ಮುಚ್ಚಳ ತೆಗೆದು ತಾನೇ ಸುರಿದಳು. ಗುಲಾಬಿ ಬಣ್ಣ ಹೋಗಿ ಬರೀ ನೀರಿನಂತಾಯಿತು. ಅವಳು ಅದನ್ನು ಚೆಲ್ಲುವ ತನಕ ನಾನು ಅಲ್ಲೇ ನಿಂತಿದ್ದೆ.